ಹಿಂದಿರುಗಿ ಬಂದ ಬಿಡಿಭಾಗಗಳನ್ನು ಹಿಡಿದು ಮೇಳಕ್ಕೆ ಹೋದ ಅನುಭವ

ವಾಹನಗಳ ಬಿಡಿಭಾಗ ಮಾರುವ ನಾನು ಮೊದಲ ಸಲ ಪ್ರಾದೇಶಿಕ ವ್ಯಾಪಾರ ಮೇಳಕ್ಕೆ ಹೋದಾಗ ಕಂಡ ಮಳಿಗೆಗಳನ್ನೆಲ್ಲ ಸುತ್ತಿ, ಚೀಲದ ತುಂಬ ಕ್ಯಾಟಲಾಗ್ ಹೊತ್ತು ಬಂದೆ. ಅವುಗಳಲ್ಲಿ ಒಂದೂ ಅಂಗಡಿಯ ಕೆಲಸಕ್ಕೆ ಒದಗಲಿಲ್ಲ. ಆದ್ದರಿಂದ ಎರಡನೆಯ ಸಲ ಹೊರಡುವ ಮುನ್ನ, ಹಿಂದಿನ ಆರು ತಿಂಗಳಲ್ಲಿ ಮೆಕ್ಯಾನಿಕ್‌ಗಳು ದೂರು ಹೇಳಿ ಹಿಂದಿರುಗಿಸಿದ್ದ ಭಾಗಗಳನ್ನು ಹೊರತೆಗೆದೆ. ಹೆಚ್ಚಿನವು ಆಯಿಲ್ ಫಿಲ್ಟರ್ ಮತ್ತು ಬ್ರೇಕ್ ಪ್ಯಾಡ್‌ಗಳು. ಕೆಲವನ್ನು ಒರೆಸಿ, ಯಾವ ವಾಹನದ್ದು, ಎಷ್ಟು ಕಿಲೋಮೀಟರ್ ಓಡಿದೆ, ದೂರು ಏನು ಎಂಬುದನ್ನು ಚೀಟಿಯಲ್ಲಿ ಬರೆದು ಕಟ್ಟಿ ಒಯ್ದೆ.

ಫಿಲ್ಟರ್‌ಗಳ ಬಗ್ಗೆ ಇದ್ದದ್ದು ಒಂದೇ ದೂರು: ಬೆಳಗ್ಗೆ ಇಂಜಿನ್ ಚಾಲೂ ಮಾಡಿದೊಡನೆ ಕೆಲವು ಕ್ಷಣ ಕಟಕಟ ಸದ್ದು. ಮಳಿಗೆಯ ಮಾರಾಟ ಪ್ರತಿನಿಧಿ ರಿಯಾಯಿತಿಯ ಮಾತು ತೆಗೆದಾಗ, ತಾಂತ್ರಿಕ ವಿಭಾಗದವರೊಬ್ಬರನ್ನು ಕಾಣಬೇಕೆಂದು ಕೇಳಿಕೊಂಡೆ. ಬಂದ ಇಂಜಿನಿಯರ್, ನಾನು ಮೊದಲೇ ಕತ್ತರಿಸಿದ್ದ ಫಿಲ್ಟರ್‌ನಿಂದ ರಬ್ಬರ್ ವಾಲ್ವನ್ನು ತೆಗೆದು ಬೆರಳಿನಿಂದ ಮಡಿಸಿದರು, ಅದು ಗಡುಸಾಗಿತ್ತು. ಇಂಜಿನ್ ನಿಂತಾಗ ಎಣ್ಣೆ ಫಿಲ್ಟರ್‌ನಿಂದ ಹಿಂದಕ್ಕೆ ಇಳಿಯದಂತೆ ತಡೆಯುವುದೇ ಆ ವಾಲ್ವ್‌ನ ಕೆಲಸ. ಅದು ಬಿಗಿಯಾಗಿ ಕೂರದಿದ್ದರೆ ರಾತ್ರಿಯಿಡೀ ಎಣ್ಣೆ ಇಳಿದುಹೋಗಿ, ಫಿಲ್ಟರ್ ಮತ್ತೆ ತುಂಬುವವರೆಗೆ ಇಂಜಿನ್‌ನ ಮೇಲ್ಭಾಗಕ್ಕೆ ಎಣ್ಣೆಯ ಒತ್ತಡ ತಲುಪುವುದಿಲ್ಲ. ನೈಟ್ರೈಲ್ ರಬ್ಬರ್ ಶಾಖಕ್ಕೆ ಬೇಗ ಗಡುಸಾಗುತ್ತದೆ, ಸಿಲಿಕೋನ್ ಹೆಚ್ಚು ಕಾಲ ಮೃದುವಾಗಿರುತ್ತದೆ, ಫಿಲ್ಟರ್ ಅಡ್ಡಲಾಗಿ ಅಥವಾ ಬಾಯಿ ಕೆಳಗಾಗಿ ಕೂರುವ ಇಂಜಿನ್‌ಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ ಎಂದು ಅವರು ವಿವರಿಸಿದ ಆ ಕಾಲು ಗಂಟೆ ನನಗೆ ಇಡೀ ಮೇಳಕ್ಕಿಂತ ದೊಡ್ಡದಾಗಿತ್ತು.

ಬ್ರೇಕ್ ಪ್ಯಾಡ್‌ಗಳ ಅಂಚಿನಲ್ಲಿರುವ 'ಎಫ್‌ಎಫ್' ಅಕ್ಷರಗಳನ್ನು ನಾನು ಗುಣಮಟ್ಟದ ಗುರುತೆಂದೇ ಗ್ರಾಹಕರಿಗೆ ಹೇಳುತ್ತ ಬಂದಿದ್ದೆ. ಅದು ತಪ್ಪೆಂದು ಮೇಳದಲ್ಲಿ ತಿಳಿಯಿತು. ಮೊದಲ ಅಕ್ಷರ ಸಾಮಾನ್ಯ ಶಾಖದಲ್ಲಿ, ಎರಡನೆಯದು ಹೆಚ್ಚಿನ ಶಾಖದಲ್ಲಿ ಸಿಗುವ ಘರ್ಷಣಾಂಕವನ್ನು, ಅಂದರೆ ಪ್ಯಾಡಿನ ಹಿಡಿತದ ಅಳತೆಯನ್ನಷ್ಟೇ ಸೂಚಿಸುತ್ತದೆ. 'ಎಫ್' ಎಂದರೆ 0.35ರಿಂದ 0.45ರ ವರೆಗೆ. ಪ್ಯಾಡ್ ಎಷ್ಟು ಬಾಳುತ್ತದೆ, ಸದ್ದು ಮಾಡುತ್ತದೆಯೇ ಎಂಬುದು ಆ ಅಕ್ಷರಗಳಿಂದ ತಿಳಿಯದು. ಜೀವ ಕಾಯುವ ಭಾಗದ ಬಗ್ಗೆ ವರ್ಷಗಟ್ಟಲೆ ತಪ್ಪು ಹೇಳಿದ್ದೆನೆಂಬುದು ನನ್ನನ್ನು ಬಹಳ ಕಾಡಿತು. ಅಂದಿನಿಂದ ಯುರೋಪಿನ ಆರ್90 ನಿಯಮದ ಮುದ್ರೆ ಇದೆಯೇ ಎಂದು ಕೇಳುತ್ತೇನೆ, ಏಕೆಂದರೆ ಬದಲಿ ಪ್ಯಾಡ್‌ನ ಕಾರ್ಯಕ್ಷಮತೆ ಮೂಲ ಪ್ಯಾಡ್‌ಗಿಂತ ಶೇ. 15ಕ್ಕಿಂತ ಹೆಚ್ಚು ಬೇರೆಯಾಗಬಾರದೆಂದು ಆ ನಿಯಮ ಹೇಳುತ್ತದೆ.

ಕನಿಷ್ಠ ಆರ್ಡರ್, ಸಾಲದ ಅವಧಿ ಮೊದಲಾದವುಗಳನ್ನು ಆಮೇಲೆ ಫೋನಿನಲ್ಲಿಯೂ ಕೇಳಬಹುದು. ಆದರೆ ಭಾಗ ಕೆಟ್ಟಾಗ ಬದಲಿ ಕೊಡುವುದರ ಜೊತೆಗೆ ಮತ್ತೆ ಜೋಡಿಸುವ ಕೂಲಿಯನ್ನು ಯಾರು ಭರಿಸುತ್ತಾರೆ ಎಂಬುದನ್ನು ಮಳಿಗೆಯಲ್ಲಿಯೇ ಬರೆಸಿಕೊಂಡೆ. ಮೇಳದಲ್ಲಿ ಒಂದೂ ಆರ್ಡರ್ ಕೊಡದೆ, ಸಿಲಿಕೋನ್ ವಾಲ್ವ್ ಇರುವ ಆರು ಫಿಲ್ಟರ್‌ಗಳನ್ನು ಸ್ಯಾಂಪಲ್ ಆಗಿ ತಂದು, ಮೊದಲು ದೂರು ಹೇಳಿದ್ದ ಮೆಕ್ಯಾನಿಕ್‌ಗಳಿಗೇ ಕೊಟ್ಟೆ. ಅವರು ಅವುಗಳನ್ನು ಒಂದು ಸರ್ವಿಸ್ ಅವಧಿ ಪೂರ್ತಿ ಓಡಿಸಿ ನೋಡಿದ ಮೇಲೆಯೇ ಮೊದಲ ಆರ್ಡರ್ ಬರೆದೆ.