ಸಾಲ ಯಾರದೋ, ಫೋನ್ ನಿಮಗೆ: ಏನು ಮಾಡಬೇಕು?

ಕಲಬುರಗಿಯಲ್ಲಿ 'ಶರಣಬಸಪ್ಪ' ಎಂದು ಕೂಗಿದರೆ ಓಣಿಗೊಬ್ಬರು ತಿರುಗಿ ನೋಡುತ್ತಾರೆ. ಹೆಸರು ಒಂದೇ ಆದರೆ ಸಾಕು, ಇನ್ನೊಬ್ಬರ ಸಾಲ ಕೇಳಿಕೊಂಡು ವಸೂಲಿ ಏಜೆಂಟರು ನಿಮ್ಮ ಮನೆಗೆ ಬರಬಹುದು. ಇನ್ನೊಂದು ಕಾರಣ ಸಿಮ್. ಬೆಂಗಳೂರು, ಹೈದರಾಬಾದ್ ಕಡೆ ದುಡಿಯಲು ಹೋದವರು ಹಳೆಯ ನಂಬರ್ ಬಿಟ್ಟುಬಿಡುತ್ತಾರೆ. 90 ದಿನ ಕಳೆದ ಮೇಲೆ ಕಂಪನಿ ಅದನ್ನು ಬೇರೆಯವರಿಗೆ ಕೊಡಬಹುದು. ಹೊಸ ಸಿಮ್ ಎಂದು ನೀವು ತಂದದ್ದಕ್ಕೆ ಹಳೆಯವರ ಸಾಲದ ಫೋನ್ ಬರುವುದು ಹೀಗೆ.

ಮರ್ಯಾದೆಗೆ ಅಂಜಿ 'ಒಂದು ಕಂತು ಕಟ್ತೀನಿ, ಬಿಟ್ಟುಬಿಡಿ' ಎನ್ನಬೇಡಿ. ಸ್ವಲ್ಪ ಕಟ್ಟಿದರೂ ಸಾಲ ಒಪ್ಪಿಕೊಂಡಿದ್ದೀರಿ ಎಂದು ವಸೂಲಿಯವರು ವಾದಿಸಬಹುದು. 'ನಿಮ್ಮ ಹೆಸರು ತೆಗೀತೀವಿ' ಎಂದು ಆಧಾರ್, ಪ್ಯಾನ್, ಒಟಿಪಿ ಕೇಳಿದರೆ ಕೊಡಲೇಬೇಡಿ. ಪ್ರಶ್ನೆ ನೀವು ಕೇಳಿ. ಯಾವ ಬ್ಯಾಂಕ್? ಯಾವ ಏಜೆನ್ಸಿ? ಸಾಲದ ನಂಬರ್ ಏನು? ತಾರೀಖು, ಸಮಯದ ಜೊತೆ ಎಲ್ಲ ಬರೆದಿಡಿ. ಮನೆಗೆ ಬಂದ ಏಜೆಂಟ್ ಬಳಿ ಗುರುತಿನ ಚೀಟಿ ಮತ್ತು ಬ್ಯಾಂಕ್ ಕೊಟ್ಟ ಅಧಿಕಾರ ಪತ್ರ ಇರಬೇಕು. ಇಲ್ಲವೇ? ಬಾಗಿಲಲ್ಲೇ ಮಾತು ಮುಗಿಸಿ.

ಆಮೇಲೆ ನಿಮ್ಮ ಹೆಸರಲ್ಲಿ ಯಾರಾದರೂ ಸಾಲ ಎತ್ತಿದ್ದಾರಾ ನೋಡಿ. ಇದನ್ನು ಬಿಡಲೇಬೇಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಕಂಪನಿಗಳು ಜನರ ಸಾಲದ ಲೆಕ್ಕ ಇಡುತ್ತವೆ. ನಾಲ್ಕೂ ವರ್ಷಕ್ಕೊಮ್ಮೆ ಪುಕ್ಕಟೆ ವರದಿ ಕೊಡಬೇಕು. ಆ ಸಾಲ ಯಾವುದರಲ್ಲೂ ಇಲ್ಲದಿದ್ದರೆ ಬಹುಶಃ ಹೆಸರು ಅಥವಾ ನಂಬರಿನ ಗೊಂದಲ. ಇದ್ದರೆ ನಿಮ್ಮ ದಾಖಲೆ ಕದ್ದು ಸಾಲ ಮಾಡಿರಬಹುದು. ಆಗ ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಿ, ಆ ವರದಿ ಕಂಪನಿಗೂ ದೂರು ಕೊಡಿ. 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು.

ಜಾಮೀನಿಗೆ ಸಹಿ ಹಾಕಿದ್ದರೆ, ಸಂಘದ ಗುಂಪು ಸಾಲಕ್ಕೆ ಒಪ್ಪಿದ್ದರೆ ಮಾತು ಬೇರೆ. ಆದರೆ ಪರಿಚಯದವರು ಎಂದು ಯಾರೋ ನಿಮ್ಮ ನಂಬರ್ ಬರೆಸಿದ ಮಾತ್ರಕ್ಕೆ ಸಾಲ ನಿಮ್ಮ ತಲೆಗೆ ಬರುವುದಿಲ್ಲ.

ಏಜೆಂಟ್ ಜೊತೆ ಸುಮ್ನೆ ಜಗಳ ಬೇಡ. ಅವರ ಕೈಯಲ್ಲಿರುವುದು ಪಟ್ಟಿ, ಅದನ್ನು ತಿದ್ದುವುದು ಬ್ಯಾಂಕ್. ಹಾಗಾಗಿ ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೇ ಇಮೇಲ್ ಅಥವಾ ಸ್ಪೀಡ್ ಪೋಸ್ಟ್ ಕಳಿಸಿ. ಇಷ್ಟು ಬರೆದರೆ ಸಾಕು: 'ಈ ಸಾಲ ನನ್ನದಲ್ಲ. ನನ್ನದೆನ್ನುವುದಾದರೆ ಸಹಿ ಇರುವ ದಾಖಲೆ ತೋರಿಸಿ. ಇಲ್ಲವೇ ನನ್ನ ನಂಬರ್, ವಿಳಾಸ ತೆಗೆದುಹಾಕಿ, ಹಾಗೆಂದು ಬರೆದುಕೊಡಿ.' ರಸೀದಿ ಜೋಪಾನ.

30 ದಿನದಲ್ಲಿ ಉತ್ತರ ಬರದಿದ್ದರೆ, ಬಂದರೂ ಸಮಾಧಾನ ಆಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಖರ್ಚಿಲ್ಲ. ಮಾಹಿತಿಗೆ 14448.

ರಿಸರ್ವ್ ಬ್ಯಾಂಕ್ ನಿಯಮದಂತೆ ವಸೂಲಿಯ ಫೋನ್ ಬೆಳಿಗ್ಗೆ 8ರಿಂದ ಸಂಜೆ 7ರೊಳಗೆ ಮಾತ್ರ. ಮೈಕ್ರೋಫೈನಾನ್ಸ್ ಸಾಲಕ್ಕೆ 9ರಿಂದ 6. ನೆಂಟರಿಗೆ, ಗೆಳೆಯರಿಗೆ ಕಾಟ ಕೊಡುವಂತಿಲ್ಲ. ಬೆದರಿಸಿದರೆ ಒಂಬುಡ್ಸ್‌ಮನ್‌ಗೆ ಕಾಯಬೇಡಿ, 112ಕ್ಕೆ ಫೋನ್ ಮಾಡಿ, ಠಾಣೆಯಲ್ಲಿ ಲಿಖಿತ ದೂರು ಕೊಡಿ. ಬರೆಯಲು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ನಂಬರ್ 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.

ಬ್ಯಾಂಕ್ ಬರೆದುಕೊಟ್ಟ ಪತ್ರವನ್ನು ಮಾತ್ರ ಎಸೆಯಬೇಡಿ. ಹಳೆಯ ಸಾಲದ ಪಟ್ಟಿ ಒಂದು ಏಜೆನ್ಸಿಯಿಂದ ಇನ್ನೊಂದಕ್ಕೆ ಹೋಗುತ್ತಿರುತ್ತದೆ. ಹೊಸಬರು ಫೋನ್ ಮಾಡಿದರೆ ಅದರ ಪ್ರತಿ ಕಳಿಸಿ.