ಸ್ಟುಟ್‌ಗಾರ್ಟ್‌ಗೆ ಹೊಸದಾಗಿ ಬಂದವರಿಗೆ: ‘ಜರ್ಮನ್ನರೇ ಹೀಗೆ’ ಅನ್ನುವ ಮುಂಚೆ

ನೀವು ವಿಮಾನ ಹತ್ತುವ ಮೊದಲೇ ವಾಟ್ಸಾಪ್ ಗುಂಪಿನಲ್ಲಿ ಪಾಠ ಮುಗಿದಿರುತ್ತದೆ. ಜರ್ಮನ್ನರು ನಗುವುದಿಲ್ಲ, ಗಡಿಯಾರ ನೋಡಿಕೊಂಡೇ ಉಸಿರಾಡುತ್ತಾರೆ, ಮಹಾ ಜಿಪುಣರು, ಹೊರಗಿನವರನ್ನು ಹತ್ತಿರ ಸೇರಿಸುವುದಿಲ್ಲ. ಇಲ್ಲಿ ಬಹಳ ವರ್ಷ ಸಂಸಾರ ಮಾಡಿದ ಮೇಲೆ ನನಗನ್ನಿಸುವುದು ಇಷ್ಟೇ: ನಾವು ಸ್ವಭಾವ ಅಂತ ಹಣೆಪಟ್ಟಿ ಹಚ್ಚುವ ಎಷ್ಟೋ ಸಂಗತಿಗಳ ಹಿಂದೆ ಒಂದು ನಿಯಮವೋ ಊರಿನ ಪದ್ಧತಿಯೋ ಇರುತ್ತದೆ. ಮೊದಲು ಅದನ್ನು ತಿಳಿದುಕೊಳ್ಳಿ, ಮನುಷ್ಯರ ಬಗ್ಗೆ ತೀರ್ಪು ನಿಧಾನವಾಗಿ ಕೊಟ್ಟರಾಯಿತು.

ಸಮಯಪಾಲನೆಯಿಂದಲೇ ಶುರು ಮಾಡೋಣ. ಅಪಾಯಿಂಟ್‌ಮೆಂಟ್ ಇದ್ದರೆ ಐದು ನಿಮಿಷ ಮುಂಚೆ ಹೋಗಿ, ತಡವಾಗುವುದಾದರೆ ಫೋನ್ ಮಾಡಿ ತಿಳಿಸಿ. ಆದರೆ ರೈಲನ್ನು ನಂಬಿಕೊಂಡು ವೀಸಾ ಕಚೇರಿಗೋ ಸಂದರ್ಶನಕ್ಕೋ ಹೊರಡಬೇಡಿ. 2024ರಲ್ಲಿ ಇಲ್ಲಿನ ರೈಲ್ವೆ ಸಂಸ್ಥೆ ಡಾಯ್ಚೆ ಬಾನ್‌ನ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದದ್ದು ನೂರಕ್ಕೆ ಸುಮಾರು 62 ಮಾತ್ರ, ಅದೂ ಆರು ನಿಮಿಷದೊಳಗಿನ ತಡವನ್ನು ಲೆಕ್ಕಕ್ಕೇ ಹಿಡಿಯದೆ. ಪ್ಲಾಟ್‌ಫಾರ್ಮಿನಲ್ಲಿ ಪಕ್ಕದಲ್ಲಿ ನಿಂತವರು ರೈಲ್ವೆಯನ್ನು ಬೈಯುವುದನ್ನು ಕೇಳಿದರೆ ಮೆಜೆಸ್ಟಿಕ್‌ನಲ್ಲೇ ನಿಂತ ಹಾಗನ್ನಿಸುತ್ತದೆ. ಮಾತು ಬೆಳೆಸಲು ಅದಕ್ಕಿಂತ ಒಳ್ಳೆಯ ವಿಷಯವೂ ಇಲ್ಲಿಲ್ಲ.

ಇನ್ನು ‘ಪಕ್ಕದ ಮನೆಯವರಿಗೆ ನಮ್ಮನ್ನು ಕಂಡರಾಗದು’ ಅನ್ನುವ ದೂರು. ಹೊಸಬರ ಬಾಯಲ್ಲಿ ನಾನು ಹೆಚ್ಚು ಕೇಳಿರುವುದು ಇದನ್ನೇ. ಒಂದು ದಿನ ಬೆಳಿಗ್ಗೆ ನಿಮ್ಮ ಬಾಗಿಲ ಹಿಡಿಗೆ ಯಾರೋ ಒಂದು ಪುಟ್ಟ ಹಲಗೆ ನೇತುಹಾಕಿರುತ್ತಾರೆ, ಮೇಲೆ ‘ಕೇರ್‌ವೊಖೆ’ ಅಂತ ಬರೆದಿರುತ್ತದೆ. ಹೆದರಬೇಡಿ. ಈ ವಾರ ಕಟ್ಟಡದ ಕಸ ಗುಡಿಸುವ ಸರದಿ ನಿಮ್ಮದು ಅಂತಷ್ಟೇ. ಮೆಟ್ಟಿಲು ಗುಡಿಸಿ ಒರೆಸಬೇಕು. ಹಲವು ಕಡೆ ನೆಲಮಾಳಿಗೆಯ ಓಣಿ, ಮನೆ ಮುಂದಿನ ಕಾಲುದಾರಿಯೂ ಸೇರುತ್ತದೆ. ವಾರ ಮುಗಿದ ಮೇಲೆ ಹಲಗೆಯನ್ನು ಮುಂದಿನ ಮನೆಯ ಬಾಗಿಲಿಗೆ ಸಿಕ್ಕಿಸಿದರೆ ನಿಮ್ಮ ಕೆಲಸ ಮುಗಿಯಿತು. ಇದು ಸ್ಟುಟ್‌ಗಾರ್ಟ್ ಸುತ್ತಲಿನ ಶ್ವಾಬಿಯಾ ಸೀಮೆಯ ಹಳೇ ಪದ್ಧತಿ, ಬಾಡಿಗೆ ಕರಾರಿನಲ್ಲಿ ಬರೆದಿದ್ದರೆ ಮಾಡಲೇಬೇಕು. ‘ನಮ್ಮನ್ನು ಕೆಲಸದವರು ಅಂದುಕೊಂಡರಾ?’ ಅಂತ ಕೋಪಿಸಿಕೊಂಡವರನ್ನು ನೋಡಿದ್ದೇನೆ. ಮೇಲಿನ ಮನೆಯ ನಿವೃತ್ತ ಮೇಷ್ಟ್ರೂ ಅದೇ ಮೆಟ್ಟಿಲನ್ನು ಹಿಂದಿನ ವಾರ ಒರೆಸಿರುತ್ತಾರೆ.

ಸದ್ದಿನ ವಿಷಯವೂ ಹೀಗೆಯೇ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಗಲಾಟೆ ಕೂಡದು, ಭಾನುವಾರ ಇಡೀ ದಿನ ಕೂಡದು. ರಾತ್ರಿ ಹತ್ತೂವರೆಗೆ ಚಟ್ನಿಗೆ ಮಿಕ್ಸಿ ಹಾಕಿದರೆ ಕೆಳಗಿನವರು ಬಂದು ಗಂಟೆ ಒತ್ತುತ್ತಾರೆ, ಮುಖದ ಮೇಲೆ ನಗುವಿಲ್ಲದೆ ಒಂದೇ ವಾಕ್ಯ ಹೇಳಿ ಹೋಗುತ್ತಾರೆ. ನಮ್ಮಲ್ಲಿ ಹಾಗೆ ಮಾತಾಡಿದರೆ ಜಗಳವಾಯಿತು ಅಂತ ಅರ್ಥ. ಇಲ್ಲಿ ಆ ಮಾತು ಅಲ್ಲಿಗೇ ಮುಗಿಯಿತು. ಮರುದಿನ ಮೆಟ್ಟಿಲಲ್ಲಿ ಅದೇ ಮನುಷ್ಯ ನಿಮ್ಮ ಮಗುವಿನ ಸ್ಟ್ರೋಲರ್ ಎತ್ತಲು ಕೈಜೋಡಿಸಿದರೆ ಆಶ್ಚರ್ಯಪಡಬೇಡಿ. ಅಂದಹಾಗೆ, ಭಾನುವಾರ ಅಂಗಡಿ ಮುಚ್ಚುವುದು ಸೋಮಾರಿತನದಿಂದಲ್ಲ. ಆ ದಿನದ ವಿಶ್ರಾಂತಿಗೆ ಸಂವಿಧಾನದ ರಕ್ಷಣೆಯಿದೆ: 1919ರ ವೈಮರ್ ಸಂವಿಧಾನದ ವಿಧಿಯನ್ನೇ 1949ರ ಈಗಿನ ಸಂವಿಧಾನದಲ್ಲೂ ಹಾಗೇ ಉಳಿಸಿಕೊಂಡರು. ಅಕ್ಕಿ ಬೇಳೆ ಶನಿವಾರವೇ ತಂದಿಟ್ಟುಕೊಳ್ಳಿ. ಮರೆತರೆ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಯೇ ಗತಿ.

ಜಿಪುಣತನ? ಅದು ಉಳಿದ ಜರ್ಮನ್ನರು ಶ್ವಾಬಿಯಾದವರ ಮೇಲೆ ಹೊರಿಸುವ ಹಳೇ ಜೋಕು, ನಮ್ಮವರು ಅದನ್ನೇ ಎತ್ತಿಕೊಂಡು ಇಡೀ ದೇಶಕ್ಕೆ ಅಂಟಿಸಿದ್ದಾರೆ. ‘ಜರ್ಮನ್ನರು’ ಅಂತ ಒಂದೇ ಮುದ್ದೆ ಮಾಡಲಾಗದು. ಬಾಡೆನ್ ಮತ್ತು ವ್ಯುರ್ಟೆಂಬರ್ಗ್ ಸೇರಿ ಸ್ಟುಟ್‌ಗಾರ್ಟ್ ಇರುವ ಈ ರಾಜ್ಯವಾದದ್ದು 1952ರಲ್ಲಿ. ಬಾಡೆನ್ ಭಾಗದ ಕಾರ್ಲ್ಸ್‌ರೂಹೆಯವರನ್ನು ಇವತ್ತಿಗೂ ಶ್ವಾಬಿಯಾದವರು ಅಂದು ನೋಡಿ, ಹುಬ್ಬಳ್ಳಿಯವರಿಗೆ ‘ನೀವು ಮೈಸೂರಿನವರಲ್ವಾ?’ ಅಂದ ಹಾಗಾಗುತ್ತದೆ. ಜರ್ಮನ್ನರೆಲ್ಲ ಬಿಳಿಯರು ಅನ್ನುವುದೂ ಅಷ್ಟೇ. ಕಾರ್ಮಿಕರನ್ನು ಕರೆಸಿಕೊಳ್ಳಲು 1955ರಲ್ಲಿ ಇಟಲಿಯ ಜೊತೆ, 1961ರಲ್ಲಿ ಟರ್ಕಿಯ ಜೊತೆ ಒಪ್ಪಂದವಾಯಿತು. ಹಾಗೆ ಬಂದವರ ಮಕ್ಕಳು, ಮೊಮ್ಮಕ್ಕಳು ಇಲ್ಲಿನವರೇ. ಟರ್ಕಿಯಿಂದ ಬಂದ ತಂದೆತಾಯಿಗೆ ಬಾಡ್ ಊರಾಖ್‌ನಲ್ಲಿ ಹುಟ್ಟಿದ ಜೆಮ್ ಓಜ್ದೆಮಿರ್ 2021ರಲ್ಲಿ ಕೇಂದ್ರದ ಕೃಷಿ ಸಚಿವರಾದರು. ಅವರ ಮಾತಿನ ಧಾಟಿ ಈ ಸೀಮೆಯದೇ.

ಇಷ್ಟೆಲ್ಲ ಹೇಳಿದೆ ಅಂತ, ಯಾರು ಏನಂದರೂ ‘ಪದ್ಧತಿ ಇರಬೇಕು ಬಿಡಿ’ ಅಂತ ನುಂಗಿಕೊಳ್ಳಬೇಡಿ. ಹೆಸರು ನೋಡಿಯೇ ಮನೆ ಕೊಡದವರು, ಬಣ್ಣ ನೋಡಿ ಮಾತಾಡುವವರು ಇಲ್ಲೂ ಇದ್ದಾರೆ. ಅಂಥದ್ದಕ್ಕೆ 2006ರ ಸಮಾನತೆ ಕಾಯ್ದೆ ಇದೆ. ಅದರಡಿ ಕೆಲಸದ ವಿಷಯದಲ್ಲಾಗಲಿ ಮನೆ ಬಾಡಿಗೆಯ ವಿಷಯದಲ್ಲಾಗಲಿ ಪರಿಹಾರ ಕೇಳಲು ಬರೀ ಎರಡು ತಿಂಗಳ ಗಡುವು. ಹಾಗಾಗಿ ದಿನಾಂಕ, ಆಡಿದ ಮಾತು, ಇಮೇಲ್ ಎಲ್ಲ ಅವತ್ತೇ ಬರೆದಿಟ್ಟುಕೊಳ್ಳಿ. ಒಕ್ಕೂಟ ಸರ್ಕಾರದ ತಾರತಮ್ಯ ವಿರೋಧಿ ಕಚೇರಿ ಉಚಿತವಾಗಿ ಸಲಹೆ ಕೊಡುತ್ತದೆ.

ನಮ್ಮ ಬಗ್ಗೆ ಅವರಲ್ಲೂ ಸಿದ್ಧ ಚಿತ್ರಗಳಿವೆ: ಹಿಂದಿ, ಬಾಲಿವುಡ್, ಖಾರದ ಕರಿ. ‘ನಿಮ್ಮ ಭಾಷೆ ಹಿಂದಿ ತಾನೇ?’ ಅಂದರೆ ಮುಖ ಗಂಟಿಕ್ಕಬೇಡಿ, ಇಲ್ಲಿಯ ಕಥೆಯನ್ನೇ ಹೇಳಿ. 1843ರಲ್ಲಿ ಮೊದಲ ಕನ್ನಡ ಪತ್ರಿಕೆ ‘ಮಂಗಳೂರು ಸಮಾಚಾರ’ ತಂದ ಮೋಗ್ಲಿಂಗ್ ಹುಟ್ಟಿದ್ದು ಇದೇ ರಾಜ್ಯದ ಬ್ರಾಕೆನ್‌ಹೈಮ್‌ನಲ್ಲಿ. 1894ರ ಕನ್ನಡ–ಇಂಗ್ಲಿಷ್ ನಿಘಂಟಿನ ಕಿಟ್ಟೆಲ್ ತೀರಿಕೊಂಡದ್ದು ರೈಲಿನಲ್ಲಿ ಒಂದು ಗಂಟೆ ದೂರದ ಟ್ಯೂಬಿಂಗೆನ್‌ನಲ್ಲಿ. ನನ್ನ ಸಹೋದ್ಯೋಗಿಗಳಲ್ಲಿ ಇದು ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಕೇಳಿದ ಮೇಲೆ ಕನ್ನಡದ ಬಗ್ಗೆ ಅವರೇ ಪ್ರಶ್ನೆ ಹಾಕತೊಡಗಿದರು.

ಕೊನೆಗೆ ಆಫೀಸಿನ ಒಂದು ಮಾತು. ನಿಮ್ಮ ಹುಟ್ಟುಹಬ್ಬಕ್ಕೆ ಟೀಮಿನವರು ಕೇಕ್ ತರಿಸಲಿಲ್ಲ ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇಲ್ಲಿ ಕೇಕ್ ತರಬೇಕಾದವರು ಹುಟ್ಟುಹಬ್ಬದವರೇ. ಬೇರೆಯವರಿಗೆ ಒಂದು ದಿನ ಮುಂಚೆ ಶುಭಾಶಯ ಹೇಳಲೂ ಹೋಗಬೇಡಿ, ಅದು ಅಪಶಕುನ ಅನ್ನುತ್ತಾರೆ. ಕೇಕ್ ಬದಲು ಮೈಸೂರು ಪಾಕ್ ಒಯ್ದರೂ ನಡೆಯುತ್ತದೆ. ಡಬ್ಬಿಯ ಮೇಲೆ ಕಡಲೆಹಿಟ್ಟು, ತುಪ್ಪ, ಸಕ್ಕರೆ ಅಂತ ಜರ್ಮನ್‌ನಲ್ಲಿ ಒಂದು ಚೀಟಿ ಅಂಟಿಸಿ, ಅಲರ್ಜಿ ಇರುವವರು ಕೇಳಿಯೇ ಕೇಳುತ್ತಾರೆ.