ಮನೆಯಲ್ಲೇ ಶುಗರ್ ನೋಡಿ ಬರೆದಿಡುವುದು ಹೇಗೆ?

ಲ್ಯಾಬ್‌ಗೆ ಹೋಗುವ ಹಿಂದಿನ ರಾತ್ರಿ ಮಾತ್ರ ಮುದ್ದೆ ಅರ್ಧ ಮಾಡುವವರು ಜಾಸ್ತಿ. ಬೆಳಿಗ್ಗೆ ಫಾಸ್ಟಿಂಗ್, ಅಂದರೆ ಖಾಲಿ ಹೊಟ್ಟೆಯ ಶುಗರ್, ಚೆನ್ನಾಗೇ ಬರುತ್ತದೆ. ಆದರೆ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಎರಡು ಮೂರು ತಿಂಗಳ ಸರಾಸರಿ ಶುಗರ್‌ನ ಲೆಕ್ಕ ಹೇಳುತ್ತದೆ. ಸಕ್ಕರೆ ಕಾಯಿಲೆಯವರ ಮೇಲೆ ನಡೆದ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಲ್ಲಿ ಬಿಗಿಯಾದ ಚಿಕಿತ್ಸೆಯಿಂದ ಅದು ಶೇ 7.9ರ ಬದಲು ಶೇ 7ರಲ್ಲಿ ನಿಂತವರಿಗೆ ಕಣ್ಣು, ಮೂತ್ರಪಿಂಡದಂಥ ಸಣ್ಣ ರಕ್ತನಾಳಗಳ ತೊಂದರೆ ಶೇ 25ರಷ್ಟು ಕಡಿಮೆಯಾಗಿತ್ತು. ಅಷ್ಟು ಇಳಿಸಲು ಮಾತ್ರೆಯ ಜೊತೆಗೆ ದಿನದ ಊಟದ ಮೇಲೂ ಕಣ್ಣಿರಬೇಕು.

ಮೊದಲು ಶುಗರ್ ನೋಡುವ ಮೀಟರ್, ಅದಕ್ಕೆ ಹೊಂದುವ ಸ್ಟ್ರಿಪ್, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಸ್ಟ್ರಿಪ್ ಡಬ್ಬಿಯ ಮೇಲಿನ ತಾರೀಕು ನೋಡಿ, ಮುಚ್ಚಳ ಬಿಗಿಯಾಗಿ ಹಾಕಿ. ಸೂಜಿ ಚುಚ್ಚದೆ ಶುಗರ್ ಹೇಳುತ್ತೇವೆ ಎನ್ನುವ ಸ್ಮಾರ್ಟ್ ವಾಚ್ ಕೊಳ್ಳಲೇಬೇಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲೇ ಇವುಗಳ ಬಗ್ಗೆ ಎಚ್ಚರಿಸಿದೆ.

ಎಡವುವುದು ಬೆರಳು ಚುಚ್ಚುವಾಗಲೇ. ಮಾವಿನಹಣ್ಣು ಹೆಚ್ಚಿದ ಕೈಯಲ್ಲೇ ಚುಚ್ಚಿದರೆ ಶುಗರ್ ಸುಳ್ಳೇ ಏರಿ ತೋರಿಸುತ್ತದೆ. ಸ್ಪಿರಿಟ್ ಒರೆಸಿದರೆ ಸಾಲದು, ಸೋಪು ಹಚ್ಚಿ ತೊಳೆಯಿರಿ. ಪೂರ್ತಿ ಒಣಗಿಸಿ, ಒದ್ದೆ ಇದ್ದರೆ ರಕ್ತ ತೆಳುವಾಗುತ್ತದೆ. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಿ. ಬೆರಳ ತುದಿಯ ನಡುವೆ ಚುಚ್ಚಬೇಡಿ, ನೋವು ಜಾಸ್ತಿ. ಪಕ್ಕದಲ್ಲಿ ಚುಚ್ಚಿ, ಪ್ರತಿ ಸಲ ಬೆರಳು ಬದಲಿಸಿ. ರಕ್ತ ಬರಲಿಲ್ಲವೆಂದು ಬೆರಳನ್ನು ಜೋರಾಗಿ ಹಿಂಡಿದರೆ ಮೈನೀರು ಬೆರೆತು ಅಂಕಿ ತಪ್ಪುತ್ತದೆ. ಗಂಡ ಹೆಂಡತಿಯಾದರೂ ಒಂದೇ ಸೂಜಿ ಬೇಡವೇ ಬೇಡ.

ಬರೀ ಫಾಸ್ಟಿಂಗ್ ನೋಡಿ ಸುಮ್ನೆ ಆಗಬೇಡಿ. ಊಟಕ್ಕೆ ಮೊದಲೊಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ನೋಡಿ. ಸಾಮಾನ್ಯವಾಗಿ ಮೊದಲಿನದು 80ರಿಂದ 130, ನಂತರದ್ದು 180ರೊಳಗೆ ಇರಬೇಕು. ವಯಸ್ಸಾದವರಿಗೆ, ಗರ್ಭಿಣಿಯರಿಗೆ ಗುರಿ ಬೇರೆ. ಪಕ್ಕದಲ್ಲೇ ತಿಂದದ್ದನ್ನೂ ಬರೆಯಿರಿ: ‘ನಾಲ್ಕು ಇಡ್ಲಿ, ಚಟ್ನಿ: 118, 204’. ಇನ್ನೊಂದು ದಿನ ಎರಡೇ ಇಡ್ಲಿ, ಜಾಸ್ತಿ ತರಕಾರಿ ಸಾಂಬಾರ್ ತಿಂದು ನೋಡಿ. ಯಾವುದು ಏರಿಸುತ್ತದೆಂದು ನಿಮಗೇ ಗೊತ್ತಾಗುತ್ತದೆ, ಅಲ್ವಾ? ಮೀಟರಿನಲ್ಲಿ ಅಂಕಿ ಉಳಿದಿರುತ್ತದೆ ನಿಜ, ಇಡ್ಲಿ ಎಷ್ಟೆಂದು ಇರುವುದಿಲ್ಲ. ಬರೀ ಮಾತ್ರೆಯಲ್ಲಿರುವ ಬಹುತೇಕರು ದಿನಾ ಚುಚ್ಚಿಕೊಳ್ಳಬೇಕಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರ್ ಹೇಳಿದಷ್ಟು ಸಲ ನೋಡಲೇಬೇಕು.

70ಕ್ಕಿಂತ ಇಳಿದರೆ ತಕ್ಷಣ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿದು, 15 ನಿಮಿಷಕ್ಕೆ ಮತ್ತೆ ನೋಡಿ.

ಡಾಕ್ಟರ ಹತ್ತಿರ ಹೋಗುವಾಗ ನೋಟ್‌ಬುಕ್ ಒಯ್ದು ತೆರೆದು ತೋರಿಸಿ. ಅಂಕಿ ಚೆನ್ನಾಗಿದೆಯೆಂದು ನೀವಾಗಿಯೇ ಮಾತ್ರೆ ಬಿಡಬೇಡಿ.